ಸಬ್‌ಸಿಸ್ಟಮ್‌ಗೆ ಸ್ಯಾಂಪಲ್ ಟೈಮ್: -1 ಬಿಡೋದಾ, ನಾವೇ ಹಾಕೋದಾ?

ಹೋದ ತಿಂಗಳು ಶಿರಸಿ ಕಡೆಯ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಿದ್ದ. ಕಾರವಾರದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. ಪ್ರಾಜೆಕ್ಟ್ ಅಡಿಕೆ ಡ್ರೈಯರ್. ಕೊಯ್ಲಿನ ಹೊತ್ತಿಗೆ ಮೋಡ ಕವಿದರೆ ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗೋದಿಲ್ಲ, ಬೂಸಲು ಬರುತ್ತದೆ. ಅದಕ್ಕೆ ಅವರ ಮನೆಯಲ್ಲೇ ಒಂದು ಬಿಸಿಗಾಳಿ ಕೋಣೆ ಕಟ್ಟಿದ್ದಾರೆ. ಅದರ ಹೀಟರ್, ಫ್ಯಾನು, ತೇವ ಎಲ್ಲವನ್ನೂ ಇವನು ಸಿಮ್ಯುಲಿಂಕ್‌ನಲ್ಲಿ, ಅಂದರೆ ಯಂತ್ರ ಹೇಗೆ ನಡೆಯುತ್ತದೆ ಅಂತ ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಸಾಫ್ಟ್‌ವೇರಿನಲ್ಲಿ, ಬ್ಲಾಕ್ ಜೋಡಿಸಿ ಮಾಡೆಲ್ ಮಾಡಿದ್ದ. ಚೆಂದ ಮಾಡಿದ್ದ. ಬ್ಲಾಕ್‌ಗಳ ಒಂದೊಂದು ಗುಂಪಿಗೆ ಸಬ್‌ಸಿಸ್ಟಮ್ ಅನ್ನುತ್ತಾರೆ, ಅದು ಎಷ್ಟು ಸೆಕೆಂಡಿಗೆ ಒಂದು ಸಲ ಲೆಕ್ಕ ಮಾಡಬೇಕು ಅನ್ನೋದು ಸ್ಯಾಂಪಲ್ ಟೈಮ್. ಸಿಕ್ಕಿಬಿದ್ದದ್ದು ಒಂದೇ ಕಡೆ. "ಸರ್, ಸಬ್‌ಸಿಸ್ಟಮ್‌ಗೆ ಸ್ಯಾಂಪಲ್ ಟೈಮ್ -1 ಬಿಡ್ಲಾ, 0.1 ಹಾಕ್ಲಾ? ಒಬ್ಬರು ಹಾಗೆ ಹೇಳ್ತಾರೆ, ಇನ್ನೊಬ್ಬರು ಹೀಗೆ ಹೇಳ್ತಾರೆ."

ಅದಾಗಿ ಸ್ವಲ್ಪ ದಿನಕ್ಕೆ ಕುಮಟಾದಿಂದ ಇಬ್ಬರು ಇದೇ ಪ್ರಶ್ನೆ ಕೇಳಿದರು. ಅವರದ್ದು ಅಘನಾಶಿನಿ ಅಳಿವೆಯ ಗಜನಿ ಗದ್ದೆ. ಭರತ (ಉಬ್ಬರ) ಬಂದಾಗ ಉಪ್ಪುನೀರು ಒಳಗೆ ಬರದ ಹಾಗೆ ಗೇಟು ಮುಚ್ಚಬೇಕು, ಇಳಿತದಲ್ಲಿ ತೆಗೆದು ಒಳಗಿನ ನೀರು ಬಿಡಬೇಕು. ಆ ಗೇಟಿಗೆ ಮೋಟಾರು ಕೂರಿಸಿದರೆ ಹೇಗೆ ನಡೆಯುತ್ತದೆ ಅನ್ನೋ ಮಾಡೆಲ್ ಅದು.

ಎರಡು ಮಾಡೆಲ್‌ಗೂ ಉತ್ತರ ಬೇರೆ. ಆದರೆ ಉತ್ತರಕ್ಕೆ ಹೋಗುವ ದಾರಿ ಒಂದೇ. ಅದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಏನು ನೋಡಬೇಕು

ನಾನು ಮೊದಲು ಕೇಳುವ ಪ್ರಶ್ನೆ ಕಂಪ್ಯೂಟರಿನದ್ದಲ್ಲ, ಸೆನ್ಸರಿನದ್ದು. ಆ ಹುಡುಗ ಬಿಸಿ ಅಳೆಯೋಕೆ ಡಿಎಸ್18ಬಿ20 ಹಾಕಿದ್ದ. ಅದನ್ನು 12 ಬಿಟ್‌ನಲ್ಲಿ ಓದಿದರೆ ಒಂದು ಸಲದ ಅಳತೆಗೆ 750 ಮಿಲಿಸೆಕೆಂಡು ತನಕ ಬೇಕು. ತೇವಕ್ಕೆ ಹಾಕಿದ್ದು ಡಿಎಚ್‌ಟಿ22. ಅದನ್ನು 2 ಸೆಕೆಂಡಿಗೆ ಒಂದು ಸಲಕ್ಕಿಂತ ಜಾಸ್ತಿ ಕೇಳುವ ಹಾಗೇ ಇಲ್ಲ. ಹೀಗಿರುವಾಗ ಮಾಡೆಲ್‌ನ ಒಳಗೆ ಬಿಸಿಯ ಸಬ್‌ಸಿಸ್ಟಮ್ 0.1 ಸೆಕೆಂಡಿಗೆ ಒಂದು ಸಲ ಹೊಸ ಅಳತೆ ತೆಗೆದುಕೊಂಡರೆ, ಆ ಮಾಡೆಲ್ ತೋರಿಸುವ ಡ್ರೈಯರ್ ಅವರ ಮನೆಯಲ್ಲಿ ಇಲ್ಲ.

ಎರಡನೆಯದು, ತಡವಾದರೆ ಎಷ್ಟು ನಷ್ಟ ಅನ್ನೋದು. ಒಂದು ಸ್ಯಾಂಪಲ್‌ನ ಬೆಲೆಯನ್ನು ಮುಂದಿನದು ಬರುವ ತನಕ ಹಿಡಿದಿಟ್ಟರೆ ಸರಾಸರಿ ಅರ್ಧ ಸ್ಯಾಂಪಲ್‌ನಷ್ಟು ತಡ ಆದ ಹಾಗೆ. ಫ್ಯಾನಿನ ಲೂಪ್ (ಅಳೆದು, ತಿದ್ದಿ, ಮತ್ತೆ ಅಳೆಯುವ ಸರಪಳಿ) ಸೆಕೆಂಡಿಗೆ ಒಂದು ಸುತ್ತಿನ ವೇಗದಲ್ಲಿ, ಅಂದರೆ 1 ಹರ್ಟ್ಸ್ ಹತ್ತಿರ ಕ್ರಾಸ್‌ಓವರ್ (ಅದು ಹಿಂಬಾಲಿಸಬಲ್ಲ ವೇಗದ ಮಿತಿ) ಇಟ್ಟುಕೊಂಡಿದೆ ಅನ್ನಿ. 0.1 ಸೆಕೆಂಡಿನ ಸ್ಯಾಂಪಲ್ ಹಾಕಿದರೆ ಇದೊಂದರಿಂದಲೇ 18 ಡಿಗ್ರಿ ಫೇಸ್ (ಪೂರ್ತಿ ಒಂದು ಏರಿಳಿತ 360 ಡಿಗ್ರಿ ಅನ್ನುವ ಲೆಕ್ಕದಲ್ಲಿ ಆದ ತಡ) ಹೋಗುತ್ತದೆ. ಲೆಕ್ಕ ಹಾಕಿದ ಉತ್ತರ ಒಂದು ಸ್ಯಾಂಪಲ್ ಆಮೇಲೆ ಹೊರಗೆ ಬರುವುದಾದರೆ ಇನ್ನೂ 36 ಡಿಗ್ರಿ. ಒಟ್ಟು 54. ನೀವು 60 ಡಿಗ್ರಿ ಮಾರ್ಜಿನ್ (ಲೂಪ್ ತೂಗಾಡದ ಹಾಗೆ ಬಿಟ್ಟ ಜಾಗ) ಇಟ್ಟುಕೊಂಡು ಡಿಸೈನ್ ಮಾಡಿದ್ದರೆ ಉಳಿದದ್ದು 6. ಅದೇ 0.01 ಸೆಕೆಂಡು ಹಾಕಿದರೆ ಎಲ್ಲ ಸೇರಿ 5.4 ಡಿಗ್ರಿ ಹೋಗುತ್ತದೆ, ಅಷ್ಟೇ. ಕೋಣೆಯ ಬಿಸಿಗೆ ಈ ತಲೆಬಿಸಿ ಇಲ್ಲ. ಅದು ಏರೋದೇ ಹತ್ತಿಪ್ಪತ್ತು ನಿಮಿಷಕ್ಕೆ. 30 ಸೆಕೆಂಡಿಗೆ ಒಂದು ಸಲ ನೋಡಿದರೆ ಧಾರಾಳ ಸಾಕು.

ಅಂದಾಜಿಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ನಿಮ್ಮ ಲೂಪ್ ಏರುವ ಸಮಯ ಎಷ್ಟಿದೆಯೋ ಅದರೊಳಗೆ 4ರಿಂದ 10 ಸ್ಯಾಂಪಲ್ ಬೀಳಬೇಕು. ನಾನು 10ರ ಕಡೆಗೇ ವಾಲುತ್ತೇನೆ.

ಮೂರನೆಯದು, ಮಾಡೆಲ್ ಓಡಿ ಮುಗಿಯೋಕೆ ಕಂಪ್ಯೂಟರಿಗೆ ಹಿಡಿಯುವ ಹೊತ್ತು. ನಾಲ್ಕನೆಯದು, ಎರಡು ವರ್ಷ ಬಿಟ್ಟು ಮಾಡೆಲ್ ತೆಗೆದವರಿಗೆ ಯಾವುದು ಯಾವ ವೇಗದಲ್ಲಿ ಓಡುತ್ತಿದೆ ಅಂತ ಕಣ್ಣಿಗೆ ಕಾಣಬೇಕು. ಐದನೆಯದು, ಇದೇ ಸಬ್‌ಸಿಸ್ಟಮ್ಮನ್ನು ಇನ್ನೊಂದು ಮಾಡೆಲ್‌ಗೆ ಎತ್ತಿ ಹಾಕುವುದು ಇದೆಯಾ ಇಲ್ಲವಾ. ಕೊನೆಗೆ, ಇದು ಬರೀ ಗ್ರಾಫ್ ತೆಗೆಯೋಕಾ, ಇಲ್ಲ ನಾಳೆ ಬೋರ್ಡಿಗೆ, ಅಂದರೆ ನಿಜವಾದ ಯಂತ್ರವನ್ನು ನಡೆಸುವ ಚಿಕ್ಕ ಕಂಪ್ಯೂಟರಿಗೆ, ಇಳಿಯುತ್ತದಾ. ಬೋರ್ಡಿಗೆ ಇಳಿಯುವುದಾದರೆ ಮೇಲಿನ ಎಲ್ಲದಕ್ಕೂ ತೂಕ ಜಾಸ್ತಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಸುಮ್ನೆ ನಾಲ್ಕು ಬ್ಲಾಕ್ ಆರಿಸಿ ಗುಂಪು ಮಾಡಿದ ಸಬ್‌ಸಿಸ್ಟಮ್‌ಗೆ ಸ್ವಂತ ಸ್ಯಾಂಪಲ್ ಟೈಮ್ ಅಂತ ಏನೂ ಇರುವುದಿಲ್ಲ. ಅದು ಕಣ್ಣಿಗೆ ಹಾಕಿದ ಚೌಕಟ್ಟು. ಒಳಗಿನ ಬ್ಲಾಕ್‌ಗಳಿಗೆ ಅವುಗಳದ್ದೇ ಇರುತ್ತದೆ. ಸಬ್‌ಸಿಸ್ಟಮ್‌ನ ಪ್ಯಾರಾಮೀಟರ್‌ನಲ್ಲಿ ಅದನ್ನು ಅಟಾಮಿಕ್ ಘಟಕ (ಒಳಗಿನದ್ದೆಲ್ಲ ಒಂದೇ ಕೆಲಸವಾಗಿ ಓಡುವಂಥದ್ದು) ಅಂತ ಟಿಕ್ ಮಾಡಿದ ಮೇಲಷ್ಟೇ ಸ್ಯಾಂಪಲ್ ಟೈಮ್ ಬರೆಯುವ ಪೆಟ್ಟಿಗೆ ಬರುತ್ತದೆ. "ಎಲ್ಲಿ ಬರೀಬೇಕು ಅಂತಾನೇ ಸಿಗ್ತಿಲ್ಲ" ಅಂದವರೆಲ್ಲ ನಿಂತದ್ದು ಇಲ್ಲೇ.

ಎಲ್ಲ -1 ಬಿಡುವುದು

-1 ಅಂದರೆ "ನನಗೆ ಸಿಗ್ನಲ್ ಕೊಡುವವರು ಯಾವ ವೇಗದಲ್ಲಿ ಬರುತ್ತಾರೋ ಅದೇ ವೇಗ". ಏನೂ ಬರೆಯುವುದು ಬೇಡ. ಲೈಬ್ರರಿಗೆ ಹಾಕುವ ಸಬ್‌ಸಿಸ್ಟಮ್‌ಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಯಾವ ಮಾಡೆಲ್‌ಗೆ ಎತ್ತಿ ಹಾಕಿದರೂ ಅಲ್ಲಿಯ ವೇಗಕ್ಕೆ ಹೊಂದಿಕೊಳ್ಳುತ್ತದೆ.

ಆದರೆ ಹೊಂದಿಕೊಳ್ಳುವುದೇ ತೊಂದರೆ ಆಗುವುದೂ ಉಂಟು. ನನಗೇ ಆದದ್ದು ಹೇಳುತ್ತೇನೆ. ಸೆನ್ಸರಿನ ಗದ್ದಲ ತೆಗೆಯೋಕೆ ಒಂದು ಚಿಕ್ಕ ಫಿಲ್ಟರ್ ಕೈಯಲ್ಲೇ ಕಟ್ಟಿದ್ದೆ. ಹಳೆಯ ಉತ್ತರದ 0.9 ಪಾಲು, ಹೊಸ ಅಳತೆಯ 0.1 ಪಾಲು, ಎರಡನ್ನೂ ಕೂಡಿಸುವುದು. ಒಂದು ಯೂನಿಟ್ ಡಿಲೇ (ಹಿಂದಿನ ಬೆಲೆ ಹಿಡಿದಿಡುವುದು), ಎರಡು ಗೇನ್ (ಗುಣಿಸುವುದು), ಒಂದು ಸಮ್ (ಕೂಡುವುದು). ಎಲ್ಲದಕ್ಕೂ -1. ಮಾಡೆಲ್ 0.1 ಸೆಕೆಂಡಿನಲ್ಲಿ ಓಡುತ್ತಿದ್ದಾಗ ಅದರ ಟೈಮ್ ಕಾನ್‌ಸ್ಟಂಟ್ (ಹೊಸ ಬೆಲೆಯ ಕಡೆ ಸರಿಯಲು ಹಿಡಿಯುವ ಹೊತ್ತಿನ ಅಳತೆ) ಹತ್ತಿರ ಹತ್ತಿರ 0.95 ಸೆಕೆಂಡು. ಸರಿಯಾಗಿತ್ತು. ಆಮೇಲೆ ಬೇರೆ ಯಾವುದೋ ಕಾರಣಕ್ಕೆ ಸೆನ್ಸರ್ ಬ್ಲಾಕ್‌ನ ಸ್ಯಾಂಪಲ್ ಟೈಮ್ 1 ಸೆಕೆಂಡು ಮಾಡಿದೆ. ಫಿಲ್ಟರನ್ನು ಮುಟ್ಟಲೇ ಇಲ್ಲ. ಆದರೂ ಅದು 9.5 ಸೆಕೆಂಡಿನ ಫಿಲ್ಟರ್ ಆಗಿ ಕೂತಿತ್ತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಲೂಪ್ ತೂಗಾಡೋಕೆ ಶುರುವಾಯಿತು. ಎರಡು ದಿನ ಪಿಐ (ಈಗಿನ ತಪ್ಪನ್ನೂ ಕೂಡುತ್ತಾ ಬಂದ ತಪ್ಪನ್ನೂ ನೋಡಿ ತಿದ್ದುವ ಕಂಟ್ರೋಲರ್) ಗೇನ್ ತಿರುಗಿಸುತ್ತಾ ಕೂತಿದ್ದೆ. ಗೇನ್‌ನಲ್ಲಿ ಏನೂ ತಪ್ಪಿರಲಿಲ್ಲ.

ಡಿಸ್ಕ್ರೀಟ್ ಇಂಟಿಗ್ರೇಟರ್ (ಹೆಜ್ಜೆ ಹೆಜ್ಜೆಯಾಗಿ ಕೂಡುತ್ತಾ ಹೋಗುವ) ಬ್ಲಾಕ್ ತನ್ನ ಸ್ಯಾಂಪಲ್ ಟೈಮ್ ತಾನೇ ತಿಳಿದು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಕೈಯಲ್ಲಿ ಬರೆದ 0.9ಕ್ಕೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ನನ್ನ ಮಾತು ಇಷ್ಟು: ಒಳಗೆ ಬರೀ ಕೂಡು, ಗುಣಿಸು, ಮಿತಿ ಹಾಕು ಅನ್ನುವ ಬ್ಲಾಕ್‌ಗಳಿದ್ದರೆ -1 ಬಿಡಿ. ನೆನಪು ಇಟ್ಟುಕೊಳ್ಳುವ ಬ್ಲಾಕ್ ಒಂದಿದ್ದರೂ, ಅದರ ಪಕ್ಕ ಕೈಬರಹದ ಅಂಕಿ ಇದ್ದರೂ, -1 ಬಿಡಬೇಡಿ.

ಇನ್ನೊಂದು ಮೋಸ ಎರಡು ಇನ್‌ಪುಟ್ ಇರುವ ಬ್ಲಾಕ್‌ನದ್ದು. ಒಂದು ಕಡೆಯಿಂದ 30 ಸೆಕೆಂಡಿನ ಬಿಸಿ, ಇನ್ನೊಂದು ಕಡೆಯಿಂದ 0.01 ಸೆಕೆಂಡಿನ ಫ್ಯಾನ್ ವೇಗ ಬಂದು ಒಂದು ಸಮ್ ಬ್ಲಾಕ್‌ಗೆ ಸೇರಿದರೆ, ಆ ಸಮ್ ವೇಗದ ಕಡೆಗೇ ಹೋಗುತ್ತದೆ. ಅದರ ಮುಂದಿನ -1 ಬ್ಲಾಕ್‌ಗಳೆಲ್ಲ ಅದರ ಹಿಂದೆಯೇ ಓಡುತ್ತವೆ. ನಿಧಾನ ಇರಬೇಕಾದ ಅರ್ಧ ಮಾಡೆಲ್ ವೇಗವಾಗಿ ಕೂತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ಎಲ್ಲದಕ್ಕೂ ಒಂದೇ ವೇಗ

ಇದನ್ನು ದಡ್ಡ ದಾರಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮಾಡೆಲ್ ಚಿಕ್ಕದಾಗಿದ್ದರೆ, ಬೋರ್ಡಿಗೆ ಇಳಿಸುವುದು ಇಲ್ಲದಿದ್ದರೆ, ಸಲ್ಲಿಸೋಕೆ ಎರಡು ವಾರ ಉಳಿದಿದ್ದರೆ, ಎಲ್ಲವನ್ನೂ ಅತಿ ವೇಗದ 0.01ಕ್ಕೆ ಹಾಕಿಬಿಡಿ. ಒಂದು ವೇಗದಿಂದ ಇನ್ನೊಂದಕ್ಕೆ ದಾಟುವ ಜಾಗವೇ ಇರುವುದಿಲ್ಲ. ದಾಟುವ ಜಾಗದಲ್ಲಿ ಆಗುವ ತಪ್ಪೂ ಇರುವುದಿಲ್ಲ. 8 ಗಂಟೆಯ ಒಣಗಿಸುವಿಕೆ ಅಂದರೆ 28,800 ಸೆಕೆಂಡು, 28 ಲಕ್ಷ 80 ಸಾವಿರ ಹೆಜ್ಜೆ. ಸಣ್ಣ ಮಾಡೆಲ್‌ಗೆ ಅದು ಹೊರಲಾರದ ಭಾರವೇನಲ್ಲ.

ಆದರೆ ಪಿಐಡಿಯಲ್ಲಿ ಡಿ, ಅಂದರೆ ಅಳತೆ ಬದಲಾಗುವ ವೇಗ ನೋಡಿ ತಿದ್ದುವ ಭಾಗ, ಇದ್ದರೆ ಜೋಪಾನ. ಡಿಎಸ್18ಬಿ20ರ ಅಳತೆ 0.0625 ಡಿಗ್ರಿಯ ಮೆಟ್ಟಿಲಿನಲ್ಲಿ ಏರುತ್ತದೆ. ಒಂದು ಮೆಟ್ಟಿಲು 0.01 ಸೆಕೆಂಡಿನಲ್ಲಿ ಏರಿದ ಹಾಗೆ ಕಂಡರೆ ಡಿ ಅದನ್ನು ಸೆಕೆಂಡಿಗೆ 6.25 ಡಿಗ್ರಿ ಅಂತ ಓದುತ್ತದೆ. ಕೋಣೆಗೆ ಬೆಂಕಿ ಬಿದ್ದ ಹಾಗೆ! ಹೀಟರ್ ದಡಕ್ಕಂತ ಆಫ್. ಅದೇ ಮೆಟ್ಟಿಲು 30 ಸೆಕೆಂಡಿನ ಲೆಕ್ಕದಲ್ಲಿ ಸೆಕೆಂಡಿಗೆ 0.002 ಡಿಗ್ರಿ. ವೇಗ ಜಾಸ್ತಿ ಮಾಡಿದಷ್ಟೂ ಮಾಡೆಲ್ ನಿಖರ ಆಗುತ್ತದೆ ಅನ್ನುವವರಿಗೆ ನಾನು ಯಾವಾಗಲೂ ಈ ಎರಡು ಅಂಕಿ ತೋರಿಸುತ್ತೇನೆ.

ಅಟಾಮಿಕ್ ಮಾಡಿ ಅಂಕಿ ಬರೆಯುವುದು

ನನ್ನ ಮೆಚ್ಚಿನ ದಾರಿ ಇದು. ಡ್ರೈಯರ್ ಹುಡುಗನಿಗೂ ಇದನ್ನೇ ಹೇಳಿದೆ. ಬಿಸಿಯ ಕಂಟ್ರೋಲ್ ಒಂದು ಅಟಾಮಿಕ್ ಸಬ್‌ಸಿಸ್ಟಮ್, ಅದಕ್ಕೆ 30. ಫ್ಯಾನಿನ ಕಂಟ್ರೋಲ್ ಇನ್ನೊಂದು, ಅದಕ್ಕೆ 0.01. ತೇವ ನೋಡಿ ಗಾಳಿ ಕಿಂಡಿ ತೆಗೆಯುವುದು ಮೂರನೆಯದು, ಅದಕ್ಕೆ 60. ಇವುಗಳ ಒಳಗಿನ ಬ್ಲಾಕ್‌ಗಳಿಗೆ ಮಾತ್ರ -1. ಅಂಕಿ ಇರುವುದು ಬಾಗಿಲಲ್ಲಿ, ಒಳಗೆ ಎಲ್ಲೂ ಇಲ್ಲ. ಯಾರಾದರೂ ಒಳಗೊಂದು ಬ್ಲಾಕ್‌ಗೆ ಬೇರೆ ಅಂಕಿ ಬರೆದರೆ ಮಾಡೆಲ್ ಎರರ್ ಕೊಟ್ಟು ನಿಲ್ಲುತ್ತದೆ. ಸುಮ್ಮನೆ ತಪ್ಪಾಗಿ ಓಡುವುದಕ್ಕಿಂತ ನಿಲ್ಲುವುದು ಎಷ್ಟೋ ವಾಸಿ ಅಲ್ವಾ?

ಆ ಪೆಟ್ಟಿಗೆಯಲ್ಲಿ ಅಂಕಿಯ ಬದಲು ಹೆಸರು ಬರೆಯಿರಿ. ಟಿ_ಮೂಲ 0.01 ಅಂತ ಒಂದು ಕಡೆ ಇಟ್ಟು, ಟಿ_ಬಿಸಿ ಅದರ 3000 ಪಟ್ಟು, ಟಿ_ತೇವ 6000 ಪಟ್ಟು ಅಂತ ಬರೆದರೆ ಸಾಕು. ನಾಳೆ ಮೂಲ ಬದಲಾದರೂ ಪಟ್ಟು ಪೂರ್ಣಾಂಕವೇ ಉಳಿಯುತ್ತದೆ. ಇದು ಯಾಕೆ ಮುಖ್ಯ ಅಂದರೆ, ಫಿಕ್ಸ್ಡ್ ಸ್ಟೆಪ್ ಸಾಲ್ವರ್‌ನಲ್ಲಿ (ಸಮ ಹೆಜ್ಜೆಯಲ್ಲಿ ಲೆಕ್ಕ ಮಾಡುವ ಕ್ರಮದಲ್ಲಿ) ಎಲ್ಲ ಸ್ಯಾಂಪಲ್ ಟೈಮ್‌ಗಳ ಮಸಾಅ, ಶಾಲೆಯಲ್ಲಿ ಕಲಿತ ಅದೇ ಮಹತ್ತಮ ಸಾಮಾನ್ಯ ಅಪವರ್ತನ, ಮೂಲ ಹೆಜ್ಜೆ ಆಗುತ್ತದೆ. ಡ್ರೈಯರ್ ಹುಡುಗ ಎಲ್ಲೋ ಒಂದು ಡಿಸ್ಪ್ಲೇ ಸಬ್‌ಸಿಸ್ಟಮ್‌ಗೆ 0.033 ಹಾಕಿದ್ದ. ಸ್ಕ್ರೀನು ಸೆಕೆಂಡಿಗೆ ಮೂವತ್ತು ಸಲ ಬದಲಾಗಲಿ ಅಂತ. 0.01 ಮತ್ತು 0.033ರ ಮಸಾಅ 0.001. ಅಷ್ಟಕ್ಕೇ 28.8 ಲಕ್ಷ ಹೆಜ್ಜೆ ಇದ್ದದ್ದು 2 ಕೋಟಿ 88 ಲಕ್ಷ ಆಯಿತು. "ಲ್ಯಾಪ್‌ಟಾಪ್ ಹಳೇದು ಸರ್, ಹೊಸದು ತಗೋಬೇಕು" ಅಂತಿದ್ದ. 0.033 ಅಳಿಸಿ 0.03 ಮಾಡಿದೆವು. ಹಳೆಯ ಲ್ಯಾಪ್‌ಟಾಪೇ ಸಾಕಾಯಿತು.

ಈ ದಾರಿಯ ಖರ್ಚು ಇರುವುದು ದಾಟುವ ಜಾಗದಲ್ಲಿ. 30 ಸೆಕೆಂಡಿನ ಸಬ್‌ಸಿಸ್ಟಮ್‌ನಿಂದ 0.01 ಸೆಕೆಂಡಿನದ್ದಕ್ಕೆ ಗೆರೆ ಎಳೆದರೆ ನಡುವೆ ರೇಟ್ ಟ್ರಾನ್ಸಿಷನ್ ಬ್ಲಾಕ್ ಕೂರಿಸಬೇಕು. ವೇಗದಿಂದ ನಿಧಾನಕ್ಕೆ ಹೋಗುವಾಗ ಅದು ಬೆಲೆಯನ್ನು ಹಿಡಿದು ನಿಲ್ಲಿಸುತ್ತದೆ, ಅಷ್ಟೇ. ನಿಧಾನದಿಂದ ವೇಗಕ್ಕೆ ಬರುವಾಗ ಮಾತ್ರ ಒಂದು ಸ್ಯಾಂಪಲ್ ತಡ ಮಾಡುತ್ತದೆ, ಅದೂ ನಿಧಾನದ ಕಡೆಯ ಸ್ಯಾಂಪಲ್. ನಮ್ಮ ಲೆಕ್ಕದಲ್ಲಿ 30 ಸೆಕೆಂಡು. ಬಿಸಿಯ ಲೂಪ್ ಫ್ಯಾನಿಗೆ "ಸ್ವಲ್ಪ ಜೋರು ತಿರುಗು" ಅಂತ ಹೇಳಿದ್ದು ಅರ್ಧ ನಿಮಿಷ ಬಿಟ್ಟು ಮುಟ್ಟುತ್ತದೆ. ಅಡಿಕೆಗೆ ಏನೂ ಆಗುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಆಗುತ್ತದೆ.

ಆ ಬ್ಲಾಕ್‌ನಲ್ಲಿ ಎರಡು ಟಿಕ್ ಇವೆ. ಒಂದು ಡೇಟಾ ಕೆಡದ ಹಾಗೆ ನೋಡಿಕೊಳ್ಳಲು. ಅದನ್ನು ತೆಗೆಯಲೇಬೇಡಿ. ಇನ್ನೊಂದು, ಎಷ್ಟು ಸಲ ಓಡಿಸಿದರೂ ಅದೇ ಉತ್ತರ ಬರಲಿ ಅನ್ನುವುದಕ್ಕೆ. ಎರಡನೆಯದನ್ನು ತೆಗೆದರೆ ತಡ ಕಮ್ಮಿ ಆಗಬಹುದು, ಆದರೆ ಬೋರ್ಡಿನ ಮೇಲೆ ಇವತ್ತಿನ ಹಾಗೆ ನಾಳೆ ನಡೆಯುತ್ತದೆ ಅನ್ನುವ ಭರವಸೆ ಹೋಗುತ್ತದೆ. ನಾನು ಎರಡೂ ಇಟ್ಟುಕೊಳ್ಳುತ್ತೇನೆ.

ಅದರ ಆರಂಭದ ಬೆಲೆ ನೋಡಲು ಮರೆಯಬೇಡಿ. ಸುಮ್ನೆ ಬಿಟ್ಟರೆ ಅದು 0. ಡ್ರೈಯರ್ ಮಾಡೆಲ್‌ನಲ್ಲಿ ಮೊದಲ 30 ಸೆಕೆಂಡು ಫ್ಯಾನಿಗೆ ಹೋದ ಆರ್ಡರ್ 0. ಹೀಟರ್ ಉರಿಯುತ್ತಿದೆ, ಗಾಳಿ ಇಲ್ಲ. ಗ್ರಾಫ್‌ನಲ್ಲಿ ಹೀಟರಿನ ಹತ್ತಿರದ ಬಿಸಿ ಮೊದಲಲ್ಲೇ ಒಂದು ಗುಡ್ಡದ ಹಾಗೆ ಎದ್ದು ಇಳಿದಿತ್ತು. ಅವನು ಅದನ್ನು ಹೀಟರಿನ ಗುಣ ಅಂತ ರಿಪೋರ್ಟಿನಲ್ಲಿ ಬರೆದೇಬಿಟ್ಟಿದ್ದ. ಆರಂಭದ ಬೆಲೆಗೆ ಫ್ಯಾನಿನ ಮಾಮೂಲು ವೇಗ ಬರೆದೆವು. ಗುಡ್ಡ ಹೋಯಿತು.

ಬೋರ್ಡಿಗೆ ಇಳಿಸುವವರಿಗೆ ಇನ್ನೊಂದು ಅನುಕೂಲ ಇದೆ. 30ರದ್ದೂ 60ರದ್ದೂ ಒಂದೇ ಕ್ಷಣದಲ್ಲಿ ಬಿದ್ದರೆ ಆ 10 ಮಿಲಿಸೆಕೆಂಡಿನೊಳಗೆ ಬೋರ್ಡು ಮೂರೂ ಕೆಲಸ ಮುಗಿಸಬೇಕಾಗುತ್ತದೆ. ಸಿಂಗಲ್ ಟಾಸ್ಕಿಂಗ್‌ನಲ್ಲಿ (ಎಲ್ಲ ಕೆಲಸ ಒಂದೇ ಸಾಲಿನಲ್ಲಿ ಮಾಡುವಾಗ) ಇದು ದೊಡ್ಡ ತಲೆನೋವು. ಸ್ಯಾಂಪಲ್ ಟೈಮ್ ಪೆಟ್ಟಿಗೆಯಲ್ಲಿ [60, 0.5] ಅಂತ ಎರಡು ಅಂಕಿ ಬರೆದರೆ ತೇವದ ಕೆಲಸ ಅರ್ಧ ಸೆಕೆಂಡು ಸರಿದು ಬೀಳುತ್ತದೆ. ಎರಡನೆಯ ಅಂಕಿ ಮೊದಲನೆಯದಕ್ಕಿಂತ ಚಿಕ್ಕದಿರಬೇಕು, ಮೂಲ ಹೆಜ್ಜೆಯ ಪೂರ್ಣ ಪಟ್ಟೂ ಆಗಿರಬೇಕು.

ಟ್ರಿಗರ್ ಕೊಟ್ಟು ಎಬ್ಬಿಸುವುದು

ಇಲ್ಲಿಗೆ ಕುಮಟಾದವರ ಗೇಟು ಬರುತ್ತದೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಗೇಟು ಅಲುಗುವುದು ಅದರಲ್ಲಿ ಎರಡು ಸಲ. ಮೋಟಾರು ಓಡುವಾಗ ಮಿಲಿಸೆಕೆಂಡಿನ ಲೆಕ್ಕ ಬೇಕು, ಉಳಿದ ಹನ್ನೆರಡು ಗಂಟೆ ಅದಕ್ಕೆ ಏನೂ ಕೆಲಸ ಇಲ್ಲ. ಇಂಥದಕ್ಕೆ ಕಾಲಕ್ಕೆ ಕಟ್ಟುವ ಸ್ಯಾಂಪಲ್ ಟೈಮ್‌ಗಿಂತ ಘಟನೆಗೆ ಕಟ್ಟುವುದು ಸಹಜ. ಹೊರಗಿನ ನೀರು ಒಳಗಿನದ್ದಕ್ಕಿಂತ ಮೇಲೆ ಬಂತು, ಟ್ರಿಗರ್ ಹೋಯಿತು, ಗೇಟು ಮುಚ್ಚುವ ನಿರ್ಧಾರದ ಸಬ್‌ಸಿಸ್ಟಮ್ ಒಂದು ಸಲ ಓಡಿತು.

ಟ್ರಿಗರ್ಡ್ ಸಬ್‌ಸಿಸ್ಟಮ್‌ನ ಒಳಗಿನ ಬ್ಲಾಕ್‌ಗಳಿಗೆ ಸ್ವಂತ ಅಂಕಿ ಹಾಕುವ ಹಾಗಿಲ್ಲ. -1 ಇರಬೇಕು, ಇಲ್ಲ ಬದಲಾಗದ ಸ್ಥಿರ ಬೆಲೆ ಇರಬೇಕು. ಕಂಟಿನ್ಯುಯಸ್ (ಹೆಜ್ಜೆಯಿಲ್ಲದೆ ಸತತ ಓಡುವ) ಇಂಟಿಗ್ರೇಟರ್ ಒಳಗೆ ಹಾಕಿದರೆ ಒಪ್ಪುವುದಿಲ್ಲ. ಮೇಲೆ ಹೇಳಿದ 0.9ರ ಫಿಲ್ಟರ್ ಥರದ್ದನ್ನು ಇಲ್ಲಿ ಇಡಲೇಬೇಡಿ. ಎರಡು ಟ್ರಿಗರ್ ನಡುವೆ ಹತ್ತು ನಿಮಿಷ ಹೋಯಿತಾ ಆರು ಗಂಟೆ ಹೋಯಿತಾ ಅಂತ ಅದಕ್ಕೆ ಗೊತ್ತಿರುವುದಿಲ್ಲ.

ನೀರಿನ ಮಟ್ಟ ನೋಡುವ ಭಾಗಕ್ಕೆ ಮಾತ್ರ ಕಾಲ ಬೇಕು. ಅದಕ್ಕೆ ಎಷ್ಟು? ಏರಿಳಿತ 2 ಮೀಟರ್ ಅಂತ ಇಟ್ಟುಕೊಳ್ಳಿ. ನೀರು ಅತಿ ಜೋರಾಗಿ ಏರುವ ಹೊತ್ತಿನಲ್ಲಿ ನಿಮಿಷಕ್ಕೆ 0.84 ಸೆಂಟಿಮೀಟರ್ ಏರುತ್ತದೆ. 5 ನಿಮಿಷಕ್ಕೊಮ್ಮೆ ನೋಡಿದರೆ 4.2 ಸೆಂಟಿಮೀಟರ್ ತಪ್ಪಬಹುದು. ಗಜನಿಯಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪು ತಡೆಯುವ ತಳಿ, ಅಷ್ಟು ನೀರಿಗೆ ಹೆದರುವುದಿಲ್ಲ. ಆದರೂ 1 ನಿಮಿಷ ಇಡಿ ಅಂದೆ. ಒಂದು ನಿಮಿಷಕ್ಕೆ ಒಂದು ಅಳತೆ ಯಾವ ಬೋರ್ಡಿಗೂ ಭಾರ ಅಲ್ಲ. ಫಿಕ್ಸ್ಡ್ ಸ್ಟೆಪ್‌ನಲ್ಲಿ ಟ್ರಿಗರ್ ಗೊತ್ತಾಗುವುದು ಹೆಜ್ಜೆ ಬಿದ್ದಾಗ ಮಾತ್ರ ಅನ್ನುವುದನ್ನು ನೆನಪಿಡಿ. ನಡುವೆ ದಾಟಿದ್ದು ಮುಂದಿನ ಹೆಜ್ಜೆಯಲ್ಲೇ ಕಾಣುತ್ತದೆ.

ಎನೇಬಲ್ಡ್ ಸಬ್‌ಸಿಸ್ಟಮ್ ಇದರ ತಮ್ಮ ಇದ್ದ ಹಾಗೆ. ಒಂದು ಸಿಗ್ನಲ್ ಮೇಲಿರುವಷ್ಟು ಹೊತ್ತು ಓಡುತ್ತದೆ, ಒಳಗೆ ಸ್ವಂತ ಸ್ಯಾಂಪಲ್ ಟೈಮ್ ಇಟ್ಟುಕೊಳ್ಳಬಹುದು. ಡ್ರೈಯರ್‌ನಲ್ಲಿ ಕರೆಂಟ್ ಹೋಗಿ ಬರುವುದನ್ನು ತೋರಿಸೋಕೆ ಚೆನ್ನಾಗಿದೆ. ಮತ್ತೆ ಎನೇಬಲ್ ಆದಾಗ ಒಳಗಿನ ಸ್ಥಿತಿ ಹಾಗೇ ಇರಲಾ, ಮೊದಲಿಂದ ಶುರುವಾಗಲಾ ಅಂತ ಕೇಳುತ್ತದೆ. ಕರೆಂಟ್ ಹೋದರೆ ನಿಜವಾದ ಬೋರ್ಡಿನ ನೆನಪು ಅಳಿಸಿಹೋಗುತ್ತದೆ, ಹಾಗಾಗಿ ರೀಸೆಟ್ ಆರಿಸಿ. ಹಾಗೇ ಉಳಿಸಿಕೊಂಡರೆ ಮಾಡೆಲ್‌ನ ಪಿಐ ಒಂದು ಗಂಟೆ ಹಿಂದಿನ ಇಂಟಿಗ್ರಲ್ ಹೊತ್ತುಕೊಂಡೇ ಏಳುತ್ತದೆ.

ಕಂಟಿನ್ಯುಯಸ್ ಯಾವಾಗ

ಸ್ಯಾಂಪಲ್ ಟೈಮ್ 0 ಅಂದರೆ ಕಂಟಿನ್ಯುಯಸ್. ಕೋಣೆಯ ಗಾಳಿ, ಅಡಿಕೆಯೊಳಗಿನ ತೇವ, ಹೊಳೆಯ ನೀರು ಇವೆಲ್ಲ 0. ಪ್ರಕೃತಿಗೆ ಗಡಿಯಾರ ಇಲ್ಲ. ಕಂಟ್ರೋಲರ್‌ಗೆ ಮಾತ್ರ 0 ಹಾಕಬೇಡಿ, ಅದು ಕೊನೆಗೆ ಬೋರ್ಡಿನಲ್ಲಿ ಓಡುವಂಥದ್ದು. ಮೊದಲ ಸಲ ಗೇನ್ ಅಂದಾಜಿಗೆ ಹಾಕಿ ನೋಡಬಹುದು, ಅಷ್ಟೇ.

ಮೋಟಾರಿನ ಕರೆಂಟ್ ಮಿಲಿಸೆಕೆಂಡಿನಲ್ಲಿ, ಅಡಿಕೆ ಒಣಗುವುದು ಗಂಟೆಗಳಲ್ಲಿ. ಇಂಥ ಅಂತರ ಇದ್ದಾಗ ವೇರಿಯಬಲ್ ಸ್ಟೆಪ್‌ನ (ಹೆಜ್ಜೆಯ ಉದ್ದ ತಾನೇ ಬದಲಿಸಿಕೊಳ್ಳುವ) ಸಾಲ್ವರ್ ಓಡಿಇ45 ತೆವಳುತ್ತದೆ. ಓಡಿಇ15ಎಸ್ ಹಾಕಿ ನೋಡಿ. ಫ್ಯಾನಿನ ಪಿಡಬ್ಲ್ಯೂಎಂ (ಕರೆಂಟನ್ನು ಬೇಗ ಬೇಗ ಆನ್ ಆಫ್ ಮಾಡುವ) ಸ್ವಿಚಿಂಗ್ ಒಂದೊಂದನ್ನೂ ಮಾಡೆಲ್ ಮಾಡುವ ಹಟ ಬಿಟ್ಟು ಸರಾಸರಿ ವೋಲ್ಟೇಜ್ ಕೊಟ್ಟರೆ ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ದುಡ್ಡಿನ ಮಾತು

ಕಾಲೇಜಿನ ಲ್ಯಾಬ್‌ನಲ್ಲಿ ಸಿಮ್ಯುಲಿಂಕ್ ಇದೆ, ಮನೆಯಲ್ಲಿ ಇಲ್ಲ ಅನ್ನುವವರು ಜಾಸ್ತಿ. ಅವರಿಗೆ ಸೈಲ್ಯಾಬ್‌ನ ಎಕ್ಸ್‌ಕಾಸ್ ಪುಕ್ಕಟೆ ಸಿಗುತ್ತದೆ. ಆದರೆ ಅಲ್ಲಿಯ ರೂಢಿ ಬೇರೆ. ಪೆಟ್ಟಿಗೆಯಲ್ಲಿ ಅಂಕಿ ಬರೆಯುವ ಬದಲು ಗಡಿಯಾರದ ಬ್ಲಾಕ್‌ನಿಂದ ಕೆಂಪು ಗೆರೆ ಎಳೆದು ಬ್ಲಾಕ್‌ಗಳನ್ನು ಎಬ್ಬಿಸಬೇಕು. ಕೆಂಪು ಗೆರೆ ಬಾರದ ಬ್ಲಾಕ್ ತನ್ನ ಇನ್‌ಪುಟ್‌ನಿಂದ ವೇಗ ಪಡೆಯುತ್ತದೆ, ಅಂದರೆ ಇಲ್ಲಿಯ -1 ಇದ್ದ ಹಾಗೆ. ಕಲಿಯೋಕೆ ನನಗೆ ಇದೇ ಇಷ್ಟ. ಯಾವುದು ಯಾವುದನ್ನು ಎಬ್ಬಿಸುತ್ತದೆ ಅಂತ ಗೆರೆಯಲ್ಲೇ ಕಾಣುತ್ತದೆ.

ಒಂದು ಎಚ್ಚರಿಕೆ. ಎಕ್ಸ್‌ಕಾಸ್‌ನಲ್ಲಿ ಒಂದೇ ಅವಧಿಯ ಎರಡು ಬೇರೆ ಗಡಿಯಾರ ಇಟ್ಟರೆ ಅವು ಒಂದೇ ಕ್ಷಣದಲ್ಲಿ ಹೊಡೆದರೂ ಒಟ್ಟಿಗೆ ಹೊಡೆದ ಹಾಗೆ ಆಗುವುದಿಲ್ಲ. ಯಾವುದು ಮೊದಲು ಅನ್ನುವ ಖಾತ್ರಿ ಇಲ್ಲ. ಒಂದೇ ಗಡಿಯಾರ ಇಟ್ಟು, ಭಾಗಿಸುವ ಬ್ಲಾಕ್‌ನಿಂದ ನಿಧಾನದ ವೇಗಗಳನ್ನು ಅದರಿಂದಲೇ ತೆಗೆಯಿರಿ.

ಓಪನ್‌ಮಾಡೆಲಿಕಾ ಕೂಡ ಪುಕ್ಕಟೆ. ಮಾಡೆಲಿಕಾ ಭಾಷೆಯ 2012ರ 3.3 ಆವೃತ್ತಿಯಿಂದ ಗಡಿಯಾರಗಳನ್ನು ಭಾಷೆಯೊಳಗೇ ಬರೆಯಬಹುದು. ವೇಗ ದಾಟುವ ಕಡೆ ಸ್ಯಾಂಪಲ್, ಹೋಲ್ಡ್ ಅಂತ ನೀವೇ ಬರೆಯಬೇಕು, ಮರೆತರೆ ಕಂಪೈಲ್ ಆಗುವುದಿಲ್ಲ. ಕೋಡ್ ಬರೆಯಲು ಬೇಸರ ಇಲ್ಲದವರಿಗೆ ಇದು ಒಳ್ಳೆಯದು.

ಹಾಕಿದ್ದು ಸರಿಯಾ ಅಂತ ನೋಡುವುದು

ಸಿಮ್ಯುಲಿಂಕ್‌ನಲ್ಲಿ ಸ್ಯಾಂಪಲ್ ಟೈಮ್ ಬಣ್ಣ ಆನ್ ಮಾಡಿ. ಅತಿ ವೇಗದ ಡಿಸ್ಕ್ರೀಟ್ ಕೆಂಪು, ಅದರ ನಂತರದ್ದು ಹಸಿರು, ಮೂರನೆಯದು ನೀಲಿ. ಕಂಟಿನ್ಯುಯಸ್ ಕಪ್ಪು. ನಮ್ಮ ಡ್ರೈಯರ್‌ನಲ್ಲಿ ಫ್ಯಾನು ಮಾತ್ರ ಕೆಂಪಿರಬೇಕು. ಮೊದಲ ಸಲ ಬಣ್ಣ ಹಾಕಿದಾಗ ಬಿಸಿಯ ಭಾಗದೊಳಗೆ ಐದಾರು ಬ್ಲಾಕ್ ಕೆಂಪಗೆ ಕೂತಿದ್ದವು. ಆ ಸಮ್ ಬ್ಲಾಕ್ ಮಾಡಿದ ಕೆಲಸ ಅದು.

ಆಮೇಲೆ ಸ್ಯಾಂಪಲ್ ಟೈಮ್ ಅರ್ಧ ಮಾಡಿ ಓಡಿಸಿ, ಎರಡು ಗ್ರಾಫ್ ಒಂದರ ಮೇಲೊಂದು ಇಡಿ. ಗೆರೆಗಳು ಕೂಡಿಕೊಂಡರೆ ದೊಡ್ಡ ಅಂಕಿಯೇ ಸಾಕು. ಬೇರೆಯಾದರೆ ಇನ್ನೂ ಚಿಕ್ಕದು ಬೇಕು. ಟಿ_ಬಿಸಿ ಅಂತ ಹೆಸರಿಟ್ಟಿದ್ದರೆ ಇದು ಒಂದು ಸಾಲು ಬದಲಿಸುವ ಕೆಲಸ. ನಾವು ಹಾಗೆ ಮಾಡಿದಾಗ 30 ಮತ್ತು 15ರ ಗೆರೆ ಕೂಡಿಕೊಂಡವು. ಕುತೂಹಲಕ್ಕೆ 120 ಹಾಕಿದೆವು. ಬಿಸಿ ನಾವು ಇಟ್ಟಿದ್ದ 55 ಡಿಗ್ರಿ ದಾಟಿ ಮೇಲೆ ಹೋಗಿ, ಇಳಿದು, ಮತ್ತೆ ಏರಿತು. ಅವನು 30ಕ್ಕೇ ನಿಂತ.

ಕುಮಟಾದವರು ಟ್ರಿಗರ್ಡ್ ಸಬ್‌ಸಿಸ್ಟಮ್ ಆರಿಸಿದರು, ಎಕ್ಸ್‌ಕಾಸ್‌ನಲ್ಲೇ. ನೀರಿನ ಮಟ್ಟಕ್ಕೆ 60 ಸೆಕೆಂಡಿನ ಒಂದೇ ಗಡಿಯಾರ. ಅಲೆಯ ಕುಲುಕಾಟಕ್ಕೆ ಗೇಟು ಮತ್ತೆ ಮತ್ತೆ ತೆಗೆದು ಮುಚ್ಚದ ಹಾಗೆ, ಹೊರಗಿನ ನೀರು 5 ಸೆಂಟಿಮೀಟರ್ ಮೇಲೆ ಬಂದರೆ ಮುಚ್ಚು, 5 ಸೆಂಟಿಮೀಟರ್ ಕೆಳಗೆ ಹೋದರೆ ತೆಗೆ ಅಂತ ನಡುವೆ ಜಾಗ ಬಿಟ್ಟಿದ್ದಾರೆ. ನಿಮಿಷಕ್ಕೆ 0.84 ಸೆಂಟಿಮೀಟರ್ ಏರುವ ನೀರಿಗೆ ಆ 5 ಸೆಂಟಿಮೀಟರ್ ದಾಟಲು ಆರು ನಿಮಿಷ ಬೇಕು, ಅಂದರೆ ನಿರ್ಧಾರಕ್ಕೆ ಮೊದಲು ಆರು ಅಳತೆ ಕೈಯಲ್ಲಿರುತ್ತವೆ.